ಹದಿನೇಳನೆಯ ವಿಧಿ

ಇಂದು ಸಂವಿಧಾನ ದಿನ. 1949ರ ನವೆಂಬರ್ 26ರಂದು ಸಂವಿಧಾನ ಸಭೆ ಅಂಗೀಕರಿಸಿದ ಆ ದೊಡ್ಡ ಗ್ರಂಥದಲ್ಲಿ ನಾನು ಮತ್ತೆ ಮತ್ತೆ ಓದುವುದು 17ನೆಯ ವಿಧಿಯನ್ನು. ಅಸ್ಪೃಶ್ಯತೆಯನ್ನು ರದ್ದುಪಡಿಸಿ, ಯಾವುದೇ ರೂಪದಲ್ಲಿ ಅದರ ಆಚರಣೆಯನ್ನು ನಿಷೇಧಿಸುವ ಈ ವಿಧಿ ಇರುವುದು ಎರಡೇ ವಾಕ್ಯಗಳಲ್ಲಿ. ಮೂಲಭೂತ ಹಕ್ಕುಗಳಲ್ಲಿ ಹೆಚ್ಚಿನವು ಸರ್ಕಾರದ ಕೈ ಕಟ್ಟಿದರೆ, ಇದು ಊರ ಬಾವಿಕಟ್ಟೆ, ದೇವಸ್ಥಾನದ ಹೊಸ್ತಿಲು, ಹೋಟೆಲಿನ ಲೋಟದವರೆಗೂ ಬಂದು ನೇರವಾಗಿ ನಮ್ಮನ್ನೇ ಪ್ರಶ್ನಿಸುತ್ತದೆ. ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿದ ಬೆನಗಲ್ ನರಸಿಂಗ ರಾವ್ ನಮ್ಮ ಮಂಗಳೂರಿನವರೆಂಬ ಹೆಮ್ಮೆ ನನಗಿದೆ. ಆದರೆ ಈ ನೋವನ್ನು ಸ್ವತಃ ಉಂಡಿದ್ದ ಅಂಬೇಡ್ಕರರೇ ಕರಡು ಸಮಿತಿಯ ಅಧ್ಯಕ್ಷರಾಗಿದ್ದರೆಂಬುದನ್ನು ನೆನೆದಾಗ ಮನಸ್ಸು ತುಂಬಿ ಬರುತ್ತದೆ. ಕೆಲವು ಹಳ್ಳಿಗಳ ಚಹಾ ಅಂಗಡಿಗಳಲ್ಲಿ ಇಂದಿಗೂ ಪ್ರತ್ಯೇಕ ಲೋಟಗಳಿವೆ. ಅದನ್ನು ಕಂಡೂ ಸುಮ್ಮನೆ ಚಹಾ ಕುಡಿದು ಎದ್ದು ಬರುವವರನ್ನೂ ಈ ವಿಧಿ ಕೇಳುತ್ತಿದೆಯೆಂದೇ ನಾನು ನಂಬಿದ್ದೇನೆ.