ಹನಿ ಹಾಕಿ ತೋರಿಸಿ ಅಜ್ಜ

ನಮ್ಮ ಕಣ್ಣಾಸ್ಪತ್ರೆಯ ಓಪಿಡಿಯಲ್ಲಿ ಯಾರಿಗಾದರೂ ಕಣ್ಣಿನ ಪ್ರೆಶರ್ ಏರಿ 27 ಬಂದರೆ ನಮ್ಮ ಬಾಯಿಗೆ ಮೊದಲು ಬರುವ ಮಾತು ಒಂದೇ: "ಹನಿ ಹಾಕೋದು ಬಿಟ್ಟಿದೀರಾ?" ತೀರ್ಥಹಳ್ಳಿ ಕಡೆಯ ಆ ಅಜ್ಜನಿಗೂ ಅದನ್ನೇ ಕೇಳಿದೆ. ಎರಡೂ ಕಣ್ಣಿಗೆ ಗ್ಲಾಕೋಮಾ, ಅಂದರೆ ಕಣ್ಣಿನ ನರ ಹಾಳಾಗುವ ಕಾಯಿಲೆ. ಪ್ರೆಶರ್ ಇಳಿಸೋಕೆ ರಾತ್ರಿ ಲಟಾನೊಪ್ರಾಸ್ಟ್ ಹನಿ.

"ದಿನಾ ಹಾಕ್ತೀನಿ ಮಾರಾಯ್ತಿ. ಬಾಟ್ಲಿ ಹದಿನೈದು ದಿನಕ್ಕೇ ಖಾಲಿ. ಮೆಡಿಕಲ್ ಶಾಪಿಗೆ ದುಡ್ಡು ಸುರಿದು ಸಾಕಾಯ್ತು."

ನಾನು ನಂಬಲಿಲ್ಲ. ಮಳೆಗಾಲ, ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಸುವ ಗಡಿಬಿಡಿ. ಇದರ ಮಧ್ಯೆ ಹನಿ ಯಾರಿಗೆ ನೆನಪಿರುತ್ತೆ ಅಂದುಕೊಂಡೆ. 2.5 ಎಂಎಲ್ ಬಾಟಲಿ ಎರಡು ಕಣ್ಣಿಗೆ ಹತ್ತಿರ ಹತ್ತಿರ ತಿಂಗಳು ಬರಬೇಕು. ಹನಿ ಹಾಕೋದು ಬಿಟ್ಟವರ ಬಾಟಲಿ ಬೇಗ ಖಾಲಿಯಾಗೋದು ಹೇಗೆ? ಆ ಲೆಕ್ಕ ಆಗ ಹೊಳೆಯಲೇ ಇಲ್ಲ.

"ಸರ್, ಕಂಟ್ರೋಲ್ ಇಲ್ಲ" ಅಂತ ಡಾಕ್ಟ್ರಿಗೆ ಕಾರ್ಡ್ ಕಳಿಸಿದೆ. ಹೊರಗೆ ಕ್ಯೂ ಮೆಟ್ಟಿಲ ತನಕ ಇತ್ತು. ಅವರು ಪ್ರೆಶರ್ ಇಳಿಸುವ ಇನ್ನೊಂದು ಹನಿ, ಟಿಮೊಲಾಲ್, ಸೇರಿಸಿದರು. ಮೊದಲ ಡೋಸ್ ನಾನೇ ಹಾಕಿದೆ. ಕೆಳರೆಪ್ಪೆ ಎಳೆದು, ಕಣ್ಣಿಗೊಂದೇ ಹನಿ, ಚೂರೂ ಆಚೆ ಬೀಳದ ಹಾಗೆ. ಬೆಂಚಿನ ಮೇಲೆ ಕೂರಿಸಿ ಮುಂದಿನವರನ್ನು ಕರೆದೆ.

ಆಮೇಲೆ ಸಿಸ್ಟರ್ ಓಡಿ ಬಂದರು. "ಮೇಡಂ, ಅಜ್ಜಂಗೆ ಎಂತದೋ ಆಗ್ತಿದೆ!"

ಅಜ್ಜ ಎರಡೂ ಕೈ ಮೊಣಕಾಲಿಗೆ ಊರಿ ಕೂತಿದ್ದರು. ಉಸಿರು ಬಿಡುವಾಗ ಸುಂಯ್ ಅನ್ನುತ್ತಿತ್ತು. ಹಣೆಯೆಲ್ಲ ಬೆವರು.

"ಅಜ್ಜ, ಉಬ್ಬಸ ಇದೆಯಾ ನಿಮಗೆ?"

"ಚಿಕ್ಕಂದಿನಿಂದ... ಮಳೇಲಿ ಜಾಸ್ತಿ..."

ಅರ್ಧ ಗಂಟೆ ಮೊದಲು ಕೇಳಬೇಕಿದ್ದ ಪ್ರಶ್ನೆ. ಉಬ್ಬಸ ಇದ್ದವರಿಗೆ ಟಿಮೊಲಾಲ್ ಉಸಿರುನಾಳ ಬಿಗಿ ಮಾಡುತ್ತೆ. ಉಸಿರಿನ ಮೂಲಕ ಔಷಧಿ ಕೊಡುವ ನೆಬ್ಯುಲೈಸರ್ ಆಪರೇಷನ್ ಥಿಯೇಟರಿನ ಬೀರುವಿನಲ್ಲಿ. ಬೀಗದ ಕೈ ಇನ್‌ಚಾರ್ಜ್ ಹತ್ತಿರ. ಇನ್‌ಚಾರ್ಜ್ ಊಟಕ್ಕೆ. ಡಾಕ್ಟ್ರು ಆಕ್ಸಿಜನ್ ಹಚ್ಚಿಸಿದರು. ನಾನು ಅಜ್ಜನ ನಾಡಿ ಹಿಡಿದು ನಿಂತೆ. ಟಿಮೊಲಾಲ್ ಎದೆಬಡಿತವನ್ನೂ ನಿಧಾನ ಮಾಡುತ್ತೆ ಅನ್ನೋದು ನೆನಪಾಗಿ, ಪ್ರತಿ ಬಡಿತ ಎಣಿಸಿದೆ. ಅವರ ಮೊಮ್ಮಗ ನನ್ನ ಮುಖವನ್ನೇ ನೋಡುತ್ತಿದ್ದ. ಕಣ್ಣಿಗೆ ಹಾಕಿದ್ದು ಎದೆಗೆ ಹೇಗೆ ಹೋಯ್ತು ಅಂತ ಅವನು ಕೇಳಲಿಲ್ಲ, ಸದ್ಯ. ಬೀಗದ ಕೈ ಬಂತು, ನೆಬ್ಯುಲೈಸ್ ಮಾಡಿದೆವು, ಫಿಸಿಷಿಯನ್ ಹತ್ತಿರ ಕಳಿಸಿದೆವು. ಸಂಜೆ ಹೊತ್ತಿಗೆ ಸರಿಹೋದರು.

ಕಣ್ಣಿನಿಂದ ಎದೆಗೆ ಹೋಗುವ ದಾರಿ ಇದೆ. ಒಂದು ಹನಿ ಅಂದರೆ 30ರಿಂದ 50 ಮೈಕ್ರೋಲೀಟರ್. ಕಣ್ಣು ಹಿಡಿಯೋದು ಹೆಚ್ಚೆಂದರೆ 30ರ ಆಸುಪಾಸು. ಉಳಿದದ್ದು ಕೆನ್ನೆಗೆ ಇಳಿಯುತ್ತೆ, ಇಲ್ಲಾ ಕಣ್ಣಿನ ಒಳಮೂಲೆಯ ನಾಳದಿಂದ ಮೂಗಿಗೆ. ಅಲ್ಲಿಂದ ಲಿವರ್ ದಾಟದೆ ನೇರ ರಕ್ತಕ್ಕೆ. ಕಣ್ಣಿನೊಳಗೆ ಇಳಿಯೋದು ನೂರಕ್ಕೆ 5 ಭಾಗಕ್ಕಿಂತ ಕಡಿಮೆ. ಶುಗರ್ ಇರುವವರು "ರೆಟಿನಾಗೆ ಇಂಜೆಕ್ಷನ್ ಯಾಕೆ, ಹನಿ ಕೊಡಿ" ಅಂತ ಜಗಳ ಆಡುತ್ತಾರಲ್ಲ, ಅವರಿಗೂ ಉತ್ತರ ಇದೇ. ರೆಟಿನಾ ಅಂದರೆ ಕಣ್ಣಿನ ಹಿಂಭಾಗದ ಪರದೆ, ಹನಿ ಅಷ್ಟು ಹಿಂದಕ್ಕೆ ತಲುಪುವುದು ಸುಲಭ ಇಲ್ಲ.

ಟಿಮೊಲಾಲ್ ನಿಲ್ಲಿಸಿದೆವು. ಮುಂದಿನ ಸಲ ಬಂದಾಗ "ಹಾಕಿ ತೋರಿಸಿ ಅಜ್ಜ" ಅಂದೆ. ನಿಂತೇ ಕತ್ತೆತ್ತಿ ಬಾಟಲಿ ಹಿಂಡಿದರು. ಮೊದಲನೆಯದು ಕೆನ್ನೆಗೆ. ಎರಡನೆಯದು ಮುಚ್ಚಿದ ರೆಪ್ಪೆಗೆ. ಮೂರನೆಯದು ಅಂಗಿ ಕಾಲರ್‌ಗೆ. ದಿನಾ ಹಾಕ್ತೀನಿ ಅಂದಿದ್ದು ನಿಜವೇ.

ಹೋದ ದೃಷ್ಟಿ ಹನಿಯಿಂದ ವಾಪಸ್ ಬರಲ್ಲ, ಉಳಿದ ನರವನ್ನು ಕಾಯೋದಷ್ಟೇ ಅದರ ಕೆಲಸ. ಅದಕ್ಕೆ ಅದು ಒಳಗೆ ಬೀಳಬೇಕಲ್ವಾ? ಈಗ ಅಜ್ಜಿ ಅವರನ್ನು ಮಲಗಿಸಿ ಹಾಕುತ್ತಾರೆ. ಕಣ್ಣು ಮುಚ್ಚಿಸಿ, ಒಳಮೂಲೆಯನ್ನು ಎರಡು ನಿಮಿಷ ಒತ್ತಿ ಹಿಡಿಯುತ್ತಾರೆ. ಹಳೇ ಔಷಧಿಯಲ್ಲೇ ಪ್ರೆಶರ್ 18ಕ್ಕೆ ಬಂದಿದೆ.

ನಮ್ಮ ಸಾಫ್ಟ್‌ವೇರಿನಲ್ಲಿ ಕನ್ನಡಕದ ಫ್ರೇಮಿನ ಬಣ್ಣಕ್ಕೆ ಕಾಲಂ ಇದೆ, ಉಬ್ಬಸಕ್ಕಿಲ್ಲ. ಕೇಳಿದರೆ "ಮುಂದಿನ ವರ್ಷನ್‌ನಲ್ಲಿ ನೋಡೋಣ" ಅಂದರು. ಸಿಸ್ಟರ್ ಕಾಯಲಿಲ್ಲ. ಗಾಂಧಿ ಬಜಾರಿಗೆ ಹೋಗಿ "ಉಬ್ಬಸ ಇದೆ / ಇಲ್ಲ" ಅಂತ ರಬ್ಬರ್ ಸ್ಟ್ಯಾಂಪ್ ಮಾಡಿಸಿ ತಂದರು. ಈಗ ಪ್ರತಿ ಕಾರ್ಡಿಗೂ ಅದು ಬೀಳುತ್ತೆ. ಬಿಲ್ ಮಾತ್ರ ಇನ್ನೂ ಅಕೌಂಟ್ಸ್‌ನಲ್ಲಿ ಪಾಸಾಗಿಲ್ಲ.