ಆಸಕ್ತಿ ಒಂದು, ಪರಿಣತಿ ಇನ್ನೊಂದು: ಲಿಬರಲ್ ಆರ್ಟ್ಸ್ ಅಧ್ಯಾಪಕರ ಪ್ರೊಫೈಲ್ ಓದುವ ಬಗೆ

ವಿಶ್ವವಿದ್ಯಾಲಯದ ಯಾವುದೇ ಮಾನವಿಕ ವಿಭಾಗದ ಅಧ್ಯಾಪಕರ ಪಟ್ಟಿ ತೆಗೆದು ನೋಡಿ. ‘ಸಂಶೋಧನಾ ಆಸಕ್ತಿಗಳು’ ಎಂಬ ತಲೆಬರಹದ ಕೆಳಗೆ ಹೆಚ್ಚುಕಡಿಮೆ ಇಂಥದೊಂದು ಸಾಲು ಸಿಗುತ್ತದೆ: ‘ನೆನಪು, ವಲಸೆ, ಲಿಂಗತ್ವ, ಪರಿಸರ, ವಸಾಹತು ಇತಿಹಾಸ, ಡಿಜಿಟಲ್ ಮಾನವಿಕ.’ ಒಂದೊಂದರ ಮೇಲೂ ಇಡೀ ಜೀವಮಾನ ಕಳೆದವರಿದ್ದಾರೆ. ಆರರಲ್ಲೂ ಒಬ್ಬರೇ ಪರಿಣತರು ಎಂದು ನಂಬುವುದು ಕಷ್ಟ. ಹಾಗಂತ ಬರೆದವರು ಸುಳ್ಳು ಹೇಳಿದ್ದಾರೆ ಎನ್ನುವಂತೆಯೂ ಇಲ್ಲ. ಮುಗಿಸಿದ ಕೆಲಸ, ನಡೆಯುತ್ತಿರುವ ಕೆಲಸ, ಪಾಠಕ್ಕೆಂದು ಓದಿಕೊಂಡ ವಿಷಯ, ಎಂದಾದರೂ ಮಾಡಬೇಕೆಂಬ ಆಸೆ ಎಲ್ಲವೂ ಆ ಒಂದು ಸಾಲಿನಲ್ಲಿ ಬೆರೆತಿರುತ್ತವೆ. ಪಿಎಚ್‌.ಡಿ.ಗೆ ಗೈಡ್ ಹುಡುಕುವವರು, ಲೇಖನ ಪರಿಶೀಲನೆಗೆ ತಜ್ಞರನ್ನು ಹುಡುಕುವ ಸಂಪಾದಕರು, ವಿಚಾರಸಂಕಿರಣಕ್ಕೆ ಆಹ್ವಾನ ಕಳಿಸುವವರು ಇವನ್ನು ಬಿಡಿಸಿ ನೋಡದೆ ವಿಧಿಯಿಲ್ಲ.

ತತ್ತ್ವಶಾಸ್ತ್ರದವರು ಮಾತ್ರ ಈ ಕೆಲಸವನ್ನು ತಾವೇ ಮಾಡಿಕೊಡುತ್ತಾರೆ. ಇಂಗ್ಲಿಷ್‌ನಲ್ಲಿ ಸಿ.ವಿ. ಬರೆಯುವ ತತ್ತ್ವಶಾಸ್ತ್ರಜ್ಞರು ಅದರಲ್ಲಿ ಎ.ಓ.ಎಸ್. (ಏರಿಯಾ ಆಫ್ ಸ್ಪೆಷಲೈಸೇಶನ್) ಮತ್ತು ಎ.ಓ.ಸಿ. (ಏರಿಯಾ ಆಫ್ ಕಾಂಪಿಟೆನ್ಸ್) ಎಂದು ಎರಡು ಸಾಲು ಇಡುವುದು ರೂಢಿ. ಮೊದಲನೆಯದು ವಿಶೇಷ ಪರಿಣತಿ: ಇದರಲ್ಲಿ ನಾನು ಸಂಶೋಧನೆ ಪ್ರಕಟಿಸುತ್ತೇನೆ, ಮೇಲಿನ ತರಗತಿಗೆ ಪಾಠ ಮಾಡುತ್ತೇನೆ, ಪ್ರಬಂಧಕ್ಕೆ ಮಾರ್ಗದರ್ಶನ ಮಾಡಬಲ್ಲೆ. ಎರಡನೆಯದು ಬೋಧನಾ ಸಾಮರ್ಥ್ಯ: ಪದವಿ ತರಗತಿಗೆ ಈ ವಿಷಯದ ಪೂರ್ತಿ ಕೋರ್ಸ್ ನಡೆಸಬಲ್ಲೆ, ಆದರೆ ಇದು ನನ್ನ ಸಂಶೋಧನೆಯ ನೆಲವಲ್ಲ. ಮೊದಲ ಸಾಲಿನಲ್ಲಿ ಒಂದೆರಡು ವಿಷಯ, ಎರಡನೆಯದರಲ್ಲಿ ಮೂರು ನಾಲ್ಕು ಇದ್ದರೆ ಓದುವವರಿಗೆ ನಂಬಿಕೆ ಬರುತ್ತದೆ. ಮೊದಲ ಸಾಲೇ ಐದು ವಿಷಯಗಳಿಂದ ಉಬ್ಬಿದ್ದರೆ ನೇಮಕ ಸಮಿತಿಯವರು ಹುಬ್ಬೇರಿಸುತ್ತಾರೆ. ಈ ಪದ್ಧತಿಯನ್ನು ಇತಿಹಾಸ, ಸಾಹಿತ್ಯ, ಸಮಾಜಶಾಸ್ತ್ರದವರು ಯಾಕೆ ಎತ್ತಿಕೊಳ್ಳಲಿಲ್ಲವೋ! ಅವರೂ ಹೀಗೆ ಬರೆದಿದ್ದರೆ ಅರ್ಧ ಗೊಂದಲ ಕಡಿಮೆಯಾಗುತ್ತಿತ್ತು.

ಉಳಿದ ವಿಭಾಗಗಳಲ್ಲಿ ಆಸಕ್ತಿಯ ಸಾಲನ್ನು ಪಕ್ಕಕ್ಕಿಟ್ಟು ಪ್ರಕಟಣೆಗಳ ಪಟ್ಟಿಯಿಂದಲೇ ಶುರುಮಾಡುವುದು ಒಳ್ಳೆಯದು. ಪಟ್ಟಿಯನ್ನು ಹೊಸದರಿಂದ ಹಳೆಯದಕ್ಕೆ ಓದಿ. ಈಚಿನ ಐದಾರು ವರ್ಷಗಳ ಬರಹಗಳಲ್ಲಿ ಮತ್ತೆ ಮತ್ತೆ ಬರುವ ಕಾಲ, ಪ್ರದೇಶ, ಆಕರ ಯಾವುದು ಎಂದು ಗುರುತು ಹಾಕಿಕೊಳ್ಳಿ. ಆಸಕ್ತಿಯ ಸಾಲಿನಲ್ಲಿ ‘ಪರಿಸರ’ ಇದ್ದು, ಪಟ್ಟಿಯಲ್ಲಿ ಆ ಬಗ್ಗೆ ಇರುವುದು ಒಂದು ಪುಸ್ತಕ ವಿಮರ್ಶೆ ಮಾತ್ರ ಎಂದಾದರೆ ಅವರು ಆ ಕಡೆಗೆ ಈಗಷ್ಟೇ ಹೊರಟಿದ್ದಾರೆ ಎಂದರ್ಥ. ಅದು ದೋಷವಲ್ಲ, ಹೊಸ ದಾರಿ ಹಿಡಿದವರ ಜೊತೆ ಕೆಲಸ ಮಾಡುವುದರಲ್ಲಿ ಲಾಭವೂ ಉಂಟು. ಆದರೆ ಯಾವ ಪತ್ರಾಗಾರದಲ್ಲಿ ಏನು ಸಿಗುತ್ತದೆ, ಪರೀಕ್ಷಕರಾಗಿ ಯಾರನ್ನು ಕರೆಯಬೇಕು ಎಂಬುದು ಅವರಿಗೂ ಇನ್ನೂ ಗೊತ್ತಿರಲಿಕ್ಕಿಲ್ಲ. ತದ್ವಿರುದ್ಧವೂ ನಡೆಯುತ್ತದೆ. ಪಿಎಚ್‌.ಡಿ. ಮಾಡಿದ ವಿಷಯ ಸಾಲಿನಲ್ಲಿ ಹಾಗೇ ಉಳಿದಿರುತ್ತದೆ, ಹದಿನೈದು ವರ್ಷಗಳಿಂದ ಅದರ ಮೇಲೆ ಒಂದಕ್ಷರ ಬರೆದಿರುವುದಿಲ್ಲ.

ಪಟ್ಟಿಯಲ್ಲಿ ಮೂರು ವರ್ಷ ಖಾಲಿ ಇದ್ದರೆ ಅವಸರದ ತೀರ್ಮಾನ ಬೇಡ. ಇತಿಹಾಸ, ಸಾಹಿತ್ಯ, ಮಾನವಶಾಸ್ತ್ರದಲ್ಲಿ ದೊಡ್ಡ ಕೆಲಸ ಬರುವುದು ಪುಸ್ತಕವಾಗಿ. ಒಬ್ಬರೇ ಕೂತು ಬರೆಯುವ 80,000 ಪದಗಳ ಗ್ರಂಥಕ್ಕೆ ಕ್ಷೇತ್ರಕಾರ್ಯ, ಬರವಣಿಗೆ, ಪ್ರಕಾಶಕರ ಪರಿಶೀಲನೆ, ತಿದ್ದುಪಡಿ ಎಲ್ಲ ಸೇರಿ ಹಲವು ವರ್ಷ ಹಿಡಿಯುತ್ತದೆ. ಹೊರಗಿನಿಂದ ನೋಡಿದರೆ ಆ ಅವಧಿ ಮೌನದಂತೆ ಕಾಣುತ್ತದೆ. ಆಗ ಸಮ್ಮೇಳನಗಳಲ್ಲಿ ಮಂಡಿಸಿದ ಪ್ರಬಂಧಗಳ ಶೀರ್ಷಿಕೆ ನೋಡಬೇಕು. ಮುಂದಿನ ಪುಸ್ತಕದ ಅಧ್ಯಾಯಗಳು ಮೊದಲು ಅಲ್ಲೇ ತಲೆ ಹಾಕುತ್ತವೆ.

ಇನ್ನು ಅಡಿಟಿಪ್ಪಣಿಗಳು. ಪರಿಣತಿ ಇರುವುದು ಅಲ್ಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹದಿನೆಂಟನೆಯ ಶತಮಾನದ ಬಂದರು ಪಟ್ಟಣಗಳ ವ್ಯಾಪಾರದ ಬಗ್ಗೆ ಒಂದು ಲೇಖನ ನಿಮ್ಮ ಕೈಯಲ್ಲಿದೆ ಎಂದಿಟ್ಟುಕೊಳ್ಳಿ. ಪೀಠಿಕೆ ಬಿಟ್ಟು ನೇರವಾಗಿ ಟಿಪ್ಪಣಿಗೆ ಹೋಗಿ. ಪತ್ರಾಗಾರದ ಹೆಸರು, ಕಡತದ ಸಂಖ್ಯೆ, ಹಾಳೆಯ ಸಂಖ್ಯೆ ಸಮೇತ ಸುಂಕದ ಲೆಕ್ಕಪುಸ್ತಕಗಳ ಉಲ್ಲೇಖ ಇದ್ದರೆ ಬರೆದವರು ಆ ಧೂಳು ಕುಡಿದಿದ್ದಾರೆ ಎಂದು ಗೊತ್ತಾಗುತ್ತದೆ. ಅದೇ ಲೆಕ್ಕಪುಸ್ತಕದ ಮಾತು ಪ್ರತಿ ಸಲವೂ ಇನ್ನೊಬ್ಬ ವಿದ್ವಾಂಸರ ಪುಸ್ತಕದ ಮೂಲಕ, ‘ಇಂಥವರು ಉದ್ಧರಿಸಿದಂತೆ’ ಎಂದು ಬರುತ್ತಿದ್ದರೆ ಮೂಲವನ್ನು ಅವರು ನೋಡಿಲ್ಲ. ಮೂಲ ಒಂದು ಭಾಷೆಯಲ್ಲಿದ್ದು ಟಿಪ್ಪಣಿಗಳೆಲ್ಲ ಅಚ್ಚಾದ ಅನುವಾದಕ್ಕೇ ಕೈ ತೋರಿಸುತ್ತಿದ್ದರೆ ಆ ಭಾಷೆ ಅವರಿಗೆ ಓದಲು ಬರುವುದು ಅನುಮಾನ. ಸಿದ್ಧಾಂತದ ಲೇಖನಕ್ಕೆ ಈ ಯಾವುದೂ ಕೊರತೆಯಲ್ಲ. ನಿಮ್ಮ ಪ್ರಬಂಧಕ್ಕೆ ಕೈಬರಹದ ದಾಖಲೆ ಓದಿಸುವ ಗೈಡ್ ಬೇಕಿದ್ದರೆ ಮಾತ್ರ ಇದೇ ನಿರ್ಣಾಯಕ.

ಪುಸ್ತಕವಾದರೆ ಕೃತಜ್ಞತೆಯ ಪುಟಗಳನ್ನು ಬಿಡದೆ ಓದಿ. ಯಾವ ಗ್ರಂಥಾಲಯದಲ್ಲಿ ಕೂತಿದ್ದರು, ಯಾವ ಸಂಸ್ಥೆ ಅನುದಾನ ಕೊಟ್ಟಿತು, ಯಾರು ಕರಡು ಓದಿದರು, ಯಾವ ವಿದ್ಯಾರ್ಥಿಗಳನ್ನು ಹೆಸರು ಹಿಡಿದು ನೆನೆದಿದ್ದಾರೆ ಎಲ್ಲವೂ ಅಲ್ಲಿರುತ್ತದೆ. ಪ್ರೊಫೈಲ್ ಹೇಳದ ಎಷ್ಟೋ ಸಂಗತಿಯನ್ನು ಆ ಎರಡು ಪುಟ ಹೇಳಿಬಿಡುತ್ತವೆ.

ಲಿಬರಲ್ ಆರ್ಟ್ಸ್ ಎಂಬ ಒಂದೇ ಸೂರಿನಡಿ ಹಲವು ಬಗೆಯ ವಿದ್ವತ್ತು ಇದೆ ಎಂಬುದನ್ನೂ ಮರೆಯಬಾರದು. ಮಧ್ಯಯುಗದ ಯುರೋಪಿನಲ್ಲಿ ಲಿಬರಲ್ ಆರ್ಟ್ಸ್ ಎನಿಸಿದ್ದ ಏಳು ವಿದ್ಯೆಗಳಲ್ಲಿ ವ್ಯಾಕರಣ, ತರ್ಕ, ವಾಗ್ಮಿತೆಯ ಜೊತೆಗೆ ಅಂಕಗಣಿತ, ರೇಖಾಗಣಿತ, ಸಂಗೀತ, ಖಗೋಳವೂ ಇದ್ದವು. ಇಂದಿಗೂ ಅನೇಕ ಲಿಬರಲ್ ಆರ್ಟ್ಸ್ ಕಾಲೇಜುಗಳಲ್ಲಿ ಗಣಿತ, ಭೌತವಿಜ್ಞಾನದವರು ಅದೇ ಪಟ್ಟಿಯಲ್ಲಿ ಕಾಣಿಸುತ್ತಾರೆ. ಹಾಗಾಗಿ ಒಂದು ವಿಭಾಗದ ಅಳತೆಗೋಲು ಇನ್ನೊಂದಕ್ಕೆ ಹೊಂದುವುದಿಲ್ಲ. ಲೇಖಕರ ಹೆಸರಿನ ಕ್ರಮವನ್ನೇ ನೋಡಿ. ಮನೋವಿಜ್ಞಾನದಲ್ಲಿ ಮೊದಲ ಹೆಸರಿನವರೇ ಸಾಮಾನ್ಯವಾಗಿ ಹೆಚ್ಚು ದುಡಿದವರು. ಅರ್ಥಶಾಸ್ತ್ರ, ಗಣಿತದಲ್ಲಿ ಅಕಾರಾದಿಯಾಗಿ ಹಾಕುವುದೇ ವಾಡಿಕೆ, ಮೂರನೆಯ ಹೆಸರು ಎಂದರೆ ಅಲ್ಲಿ ಏನೂ ಅರ್ಥವಿಲ್ಲ. ಇತಿಹಾಸ, ಸಾಹಿತ್ಯದಲ್ಲಿ ಬಹುಪಾಲು ಒಬ್ಬರೇ ಲೇಖಕರು. ಅರ್ಥಶಾಸ್ತ್ರದವರ ಹೊಸ ಕೆಲಸ ನಿಯತಕಾಲಿಕಕ್ಕೆ ಬರುವ ಮುಂಚೆ ವರ್ಕಿಂಗ್ ಪೇಪರ್ ಆಗಿ ವರ್ಷಗಟ್ಟಲೆ ಓಡಾಡುತ್ತದೆ. ಅದನ್ನು ಬಿಟ್ಟರೆ ನಿಮಗೆ ಸಿಗುವುದು ಹಳೆಯ ಸುದ್ದಿ. ಕಲಾ ವಿಭಾಗದಲ್ಲಿ ಪ್ರದರ್ಶನ, ನಾಟಕ ನಿರ್ದೇಶನ, ಸಂಗೀತ ರಚನೆಯೂ ಸಂಶೋಧನೆಯೇ. ಒಂದು ಹಳೆಯ ಕೃತಿಯ ಹತ್ತಾರು ಹಸ್ತಪ್ರತಿಗಳನ್ನು ಸಾಲುಸಾಲಾಗಿ ಹೋಲಿಸಿ, ಪಾಠಾಂತರ (ಪ್ರತಿಯಿಂದ ಪ್ರತಿಗೆ ಬದಲಾಗುವ ಪದ, ಸಾಲು) ಗುರುತಿಸಿ ಶಾಸ್ತ್ರೀಯ ಆವೃತ್ತಿ ತಂದವರ ಪಟ್ಟಿಯಲ್ಲಿ ಲೇಖನಗಳು ನಾಲ್ಕೇ ಇರಬಹುದು. ಆ ಪಟ್ಟಿಯನ್ನು ಕಡಿಮೆ ಎಂದು ಕಾಣುವವರಿಗೆ ಪಾಠಾಂತರ ಎಂದರೇನೆಂದು ಗೊತ್ತಿಲ್ಲ, ಅಷ್ಟೆ.

ಅಂಕಿಗಳ ವಿಷಯದಲ್ಲಿ ಎಡವುವವರೇ ಹೆಚ್ಚು. ಒಬ್ಬರ ಬರಹಗಳನ್ನು ಇತರರು ಎಷ್ಟು ಉಲ್ಲೇಖಿಸಿದ್ದಾರೆ ಎಂಬುದರಿಂದ ಲೆಕ್ಕ ಹಾಕುವ ಎಚ್-ಇಂಡೆಕ್ಸ್ ಅನ್ನು ಭೌತವಿಜ್ಞಾನಿ ಹೋರ್ಹೆ ಹಿರ್ಷ್ 2005ರಲ್ಲಿ ಸೂಚಿಸಿದರು. ಕನಿಷ್ಠ 12 ಬರಹಗಳಿಗೆ ತಲಾ 12 ಅಥವಾ ಹೆಚ್ಚು ಉಲ್ಲೇಖ ಇದ್ದು, ತಲಾ 13 ಉಲ್ಲೇಖವಿರುವ ಬರಹಗಳು 13 ಇಲ್ಲದಿದ್ದರೆ ಎಚ್-ಇಂಡೆಕ್ಸ್ 12. ಈಗ ಆರು ಪುಸ್ತಕ ಬರೆದು, ಒಂದೊಂದಕ್ಕೂ 400 ಉಲ್ಲೇಖ ಪಡೆದ ಇತಿಹಾಸಕಾರರನ್ನು ತೆಗೆದುಕೊಳ್ಳಿ. ಬೇರೇನೂ ಬರೆದಿಲ್ಲವಾದರೆ ಅವರ ಎಚ್-ಇಂಡೆಕ್ಸ್ 6. ಒಟ್ಟು ಬರಹಗಳ ಸಂಖ್ಯೆಯನ್ನು ಅದು ಎಂದೂ ದಾಟುವುದಿಲ್ಲ. ತಲಾ 20 ಉಲ್ಲೇಖವಿರುವ 20 ಸಣ್ಣ ಲೇಖನ ಬರೆದವರದು 20. ಒಟ್ಟು ಉಲ್ಲೇಖ ಮೊದಲಿನವರಿಗೆ 2,400, ಎರಡನೆಯವರಿಗೆ 400. ಇನ್ನೊಂದು ಕಡೆಯಿಂದಲೂ ಲೆಕ್ಕ ತಪ್ಪುತ್ತದೆ. ಉಲ್ಲೇಖಗಳ ಲೆಕ್ಕ ಇಡುವ ಸ್ಕೋಪಸ್, ವೆಬ್ ಆಫ್ ಸೈನ್ಸ್‌ನಂಥ ದತ್ತಸಂಚಯಗಳು ಬೆಳೆದದ್ದು ಮುಖ್ಯವಾಗಿ ನಿಯತಕಾಲಿಕಗಳ ಸುತ್ತ. ಪುಸ್ತಕಗಳು, ಸಂಪಾದಿತ ಸಂಪುಟದ ಅಧ್ಯಾಯಗಳು, ಇಂಗ್ಲಿಷೇತರ ಭಾಷೆಗಳ ಬರಹ ಅವುಗಳಲ್ಲಿ ಪೂರ್ತಿಯಾಗಿ ಸಿಗುವುದಿಲ್ಲ. ಗೂಗಲ್ ಸ್ಕಾಲರ್ ಹೆಚ್ಚು ಬಾಚಿಕೊಳ್ಳುತ್ತದೆ, ಜೊತೆಗೆ ಕಸವನ್ನೂ ಬಾಚಿಕೊಳ್ಳುತ್ತದೆ: ಅದೇ ಹೆಸರಿನ ವೈದ್ಯರೊಬ್ಬರ ಲೇಖನ ಸಾಹಿತ್ಯ ವಿಮರ್ಶಕರ ಖಾತೆಗೆ ಬಂದು ಕೂತಿರುತ್ತದೆ. ಪ್ರಕಟಣೆಗಳ ನಡುವೆ ಹೊಂದಿಕೆಯೇ ಇಲ್ಲ ಅನ್ನಿಸಿದರೆ ಮೊದಲು ಈ ಅನುಮಾನ ಪಡಬೇಕು.

ಹೆಸರಿನ ಗೊಂದಲಕ್ಕೆ ಮದ್ದು ಆರ್ಕಿಡ್ (ORCID) ಸಂಖ್ಯೆ. 2012ರಲ್ಲಿ ಶುರುವಾದ ಈ ವ್ಯವಸ್ಥೆಯಲ್ಲಿ ಪ್ರತಿ ಸಂಶೋಧಕರಿಗೂ ನಾಲ್ಕು ನಾಲ್ಕರ ಗುಂಪಿನಲ್ಲಿ 16 ಅಂಕಿ. ಕೊನೆಯದು ಪರೀಕ್ಷಾ ಅಂಕಿ. ಅದಕ್ಕೂ ಮೊದಲಿನ ಹದಿನೈದರಿಂದ ಲೆಕ್ಕ ಹಾಕಿ ಬರುವಂಥದು, ಲೆಕ್ಕ ಹತ್ತಕ್ಕೆ ಬಂದರೆ ಅಂಕಿಯ ಬದಲು ‘ಎಕ್ಸ್’ ಅಕ್ಷರ. ಕೊನೆಯಲ್ಲಿ ಎಕ್ಸ್ ಕಂಡು ಬೆರಳಚ್ಚಿನ ತಪ್ಪೆಂದು ಅಳಿಸುವವರೂ ಇದ್ದಾರೆ! ಆದರೆ ಆರ್ಕಿಡ್ ಪುಟ ಖಾಲಿ ಇದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ಲೇಖನ ಸಲ್ಲಿಸುವಾಗ ನಿಯತಕಾಲಿಕ ಕೇಳಿತೆಂದು ಸಂಖ್ಯೆ ಮಾಡಿಸಿಕೊಂಡು ಮತ್ತೆ ಆ ಕಡೆ ತಲೆ ಹಾಕದವರು ಬೇಕಾದಷ್ಟಿದ್ದಾರೆ.

ಗೈಡ್ ಹುಡುಕುವವರು ಇಷ್ಟೆಲ್ಲ ನೋಡಿದ ಮೇಲೂ ಹುದ್ದೆಯ ಹೆಸರು ಓದುವುದನ್ನು ಮರೆಯುತ್ತಾರೆ. ಎಮೆರಿಟಸ್ ಎಂದಿದ್ದರೆ ನಿವೃತ್ತರು, ಸಾಮಾನ್ಯವಾಗಿ ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವುದಿಲ್ಲ. ಅತಿಥಿ ಅಧ್ಯಾಪಕರಿಗೆ ಮಾರ್ಗದರ್ಶನದ ಅಧಿಕಾರ ಇರುವುದು ಅಪರೂಪ. ನಿವೃತ್ತಿಗೆ ಎರಡು ವರ್ಷ ಉಳಿದವರ ಕೈಕೆಳಗೆ ಐದು ವರ್ಷದ ಪ್ರಬಂಧ ಶುರುಮಾಡಿದರೆ ನಡುವೆ ಗೈಡ್ ಬದಲಾಯಿಸಬೇಕಾಗುತ್ತದೆ, ಹೊಸಬರು ವಿಷಯವನ್ನೇ ತಿರುಗಿಸಬಹುದು. ನೀವು ಗೈಡ್ ಆಗಲೆಂದು ಬಯಸುವವರ ಕೈಕೆಳಗೆ ಮುಗಿದ ಪ್ರಬಂಧಗಳ ಶೀರ್ಷಿಕೆಗಳನ್ನು ವಿಶ್ವವಿದ್ಯಾಲಯದ ಪ್ರಬಂಧ ಭಂಡಾರದಲ್ಲಿ ಹುಡುಕಿ. ಆಸಕ್ತಿಯ ಸಾಲಿಗಿಂತ ಅದು ನಂಬಲರ್ಹ, ಯಾಕೆಂದರೆ ಅವರು ನಿಜವಾಗಿ ಯಾವ ವಿಷಯಕ್ಕೆ ಹೂಂ ಎಂದಿದ್ದಾರೆ ಎಂಬುದು ಅಲ್ಲಿ ದಾಖಲಾಗಿದೆ. ನೋಂದಣಿಯಾದ ವರ್ಷ, ಮುಗಿದ ವರ್ಷ ಎರಡೂ ಸಿಕ್ಕರೆ ಇನ್ನೂ ಒಳ್ಳೆಯದು.

ಆಮೇಲೆ ಪತ್ರ. ಮುನ್ನೂರು ಪದ ಸಾಕು. ಮೊದಲ ಎರಡು ವಾಕ್ಯದಲ್ಲಿ ನಿಮ್ಮ ಪ್ರಶ್ನೆ, ಮುಂದೆ ನೀವು ಬಳಸಲಿರುವ ಆಕರ ಮತ್ತು ಅವನ್ನು ಓದಲು ಬೇಕಾದ ಭಾಷೆ ನಿಮಗೆಷ್ಟು ಬರುತ್ತದೆ ಎಂಬುದು, ಅದರ ನಂತರ ಅವರ ಯಾವ ಬರಹದ ಯಾವ ಮಾತು ನಿಮ್ಮ ಪ್ರಶ್ನೆಗೆ ತಾಗುತ್ತದೆ ಎಂಬುದು. ‘ತಮ್ಮ ಅಮೂಲ್ಯ ಕೃತಿಗಳಿಂದ ಪ್ರಭಾವಿತನಾಗಿದ್ದೇನೆ’ ಎಂಬ ಸಾಲು ಬಂದ ಕೂಡಲೇ ಓದುವವರಿಗೆ ಗೊತ್ತಾಗುತ್ತದೆ, ಇದೇ ಪತ್ರ ಇನ್ನು ಹತ್ತು ಜನಕ್ಕೆ ಹೋಗಿದೆ ಎಂದು. ಜೊತೆಗೆ ಸಿ.ವಿ., ಎರಡು ಪುಟದ ಪ್ರಸ್ತಾವನೆ. ಕೊನೆಗೆ ನೇರವಾಗಿ ಕೇಳಿ: ಈ ವರ್ಷ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತಿದ್ದೀರಾ, ಸದ್ಯದಲ್ಲಿ ಸಬ್ಬಾಟಿಕಲ್ (ಸಂಶೋಧನೆಗೆಂದು ಸಿಗುವ ದೀರ್ಘ) ರಜೆ ಇದೆಯಾ? ಎರಡು ಮೂರು ವಾರ ಕಾದು ಒಂದು ಸಲ ನೆನಪಿಸಬಹುದು. ಎರಡನೆಯ ಸಲ ಬೇಡ.

ಪ್ರೊಫೈಲ್ ಪುಟವನ್ನು ಬರೆಯುವ ಅಧ್ಯಾಪಕರಿಗೂ ಒಂದೆರಡು ಮಾತು. ಅಮೂರ್ತ ಪದಗಳನ್ನು ಸಾಲಾಗಿ ಜೋಡಿಸುವುದಕ್ಕಿಂತ ಕಾಲ, ಆಕರ, ಪ್ರಶ್ನೆ ಮೂರೂ ಇರುವ ಎರಡು ವಾಕ್ಯ ಬರೆಯಿರಿ. ‘ವಲಸೆ, ದುಡಿಮೆ, ನೆನಪು’ ಎಂಬುದರ ಬದಲು ‘ಹತ್ತೊಂಬತ್ತನೆಯ ಶತಮಾನದಲ್ಲಿ ಕರಾರಿನ ಮೇಲೆ ಹಡಗು ಹತ್ತಿದ ಕೂಲಿಗಳು ಮನೆಗೆ ಬರೆಸಿದ ಪತ್ರಗಳನ್ನು ಓದುತ್ತೇನೆ, ಬರೆದುಕೊಟ್ಟವರ ದನಿ ಎಷ್ಟು, ಬರೆಸಿದವರ ದನಿ ಎಷ್ಟು ಎಂಬುದು ನನ್ನ ಪ್ರಶ್ನೆ’ ಎಂದರೆ ಯಾರು ನಿಮ್ಮ ಬಾಗಿಲು ತಟ್ಟಬೇಕು, ಯಾರು ತಟ್ಟಬಾರದು ಎರಡೂ ತೀರ್ಮಾನವಾಗುತ್ತದೆ. ಮುಗಿಸಿದ್ದು, ನಡೆಯುತ್ತಿರುವುದು, ಪಾಠ ಮಾಡುವುದು ಬೇರೆ ಬೇರೆ ಸಾಲಿನಲ್ಲಿರಲಿ. ಓದಬಲ್ಲ ಭಾಷೆ, ಲಿಪಿಗಳನ್ನು ಹೆಸರಿಸಿ. ಇದನ್ನು ಬಹಳ ಜನ ಬಿಟ್ಟೇಬಿಡುತ್ತಾರೆ, ಹುಡುಕುವವರಿಗೆ ಮೊದಲು ಬೇಕಾಗುವುದು ಅದೇ. ಅಚ್ಚಿನ ಹಾದಿಯಲ್ಲಿರುವ ಬರಹದ ಬಗ್ಗೆ ಪದ ಆಯುವಾಗ ಪ್ರಾಮಾಣಿಕತೆ ಬೇಕು. ಸಂಪಾದಕರು ಅಂತಿಮವಾಗಿ ಒಪ್ಪಿದ್ದರೆ ಮಾತ್ರ ‘ಪ್ರಕಟವಾಗಲಿದೆ’, ಪರಿಶೀಲಕರ ಬಳಿ ಇದ್ದರೆ ‘ಪರಿಶೀಲನೆಯಲ್ಲಿದೆ’, ನಿಮ್ಮ ಕಂಪ್ಯೂಟರಿನಲ್ಲೇ ಇದ್ದರೆ ‘ಸಿದ್ಧವಾಗುತ್ತಿದೆ’. ತಿದ್ದಿ ಮತ್ತೆ ಕಳಿಸಿ ಎಂಬ ಉತ್ತರ ಬಂದಿರುವ ಲೇಖನ ಎರಡನೆಯ ಗುಂಪಿಗೇ ಸೇರುತ್ತದೆ, ಮೊದಲನೆಯದಕ್ಕಲ್ಲ. ಒಂದೇ ಪುಸ್ತಕ ಎಂಟು ವರ್ಷ ‘ಪ್ರಕಟವಾಗಲಿದೆ’ ಎಂದು ಕೂತಿದ್ದರೆ ಅದನ್ನು ತೆಗೆದುಬಿಡಿ, ಮತ್ತು ಪುಟದ ಕೆಳಗೆ ಕೊನೆಯ ಸಲ ತಿದ್ದಿದ ತಿಂಗಳು, ವರ್ಷ ಹಾಕಿ.