ಎಣಿಸುವವನು ಒಬ್ಬ, ಗೆಲ್ಲುವವನು ಇನ್ನೊಬ್ಬ

ಬ್ಲ್ಯಾಕ್‌ಜಾಕ್ ಎಂಬ ಕ್ಯಾಸಿನೊ ಇಸ್ಪೀಟಾಟದಲ್ಲಿ ಎಲೆ ಎಣಿಸೋಕೆ ಭಾರೀ ನೆನಪಿನ ಶಕ್ತಿಯೇನೂ ಬೇಡ. 2ರಿಂದ 6 ಬಿದ್ದರೆ ಒಂದು ಕೂಡಿಸಬೇಕು. 10, ಗುಲಾಮ, ರಾಣಿ, ರಾಜ, ಎಕ್ಕ ಬಿದ್ದರೆ ಒಂದು ಕಳೆಯಬೇಕು. 7, 8, 9ಕ್ಕೆ ಸುಮ್ನಿರಬೇಕು. ಲೆಕ್ಕ ಏರಿದಷ್ಟೂ ಉಳಿದ ಕಟ್ಟಿನಲ್ಲಿ ದೊಡ್ಡ ಎಲೆ ಜಾಸ್ತಿ. ಅದು ಆಡುವವನಿಗೆ ಅನುಕೂಲ, ಪಣ ಏರಿಸೋಕೆ ಅದೇ ಸಮಯ.

ಆದರೆ ಒಬ್ಬನೇ ಇದ್ದಕ್ಕಿದ್ದಂತೆ ಪಣ ಏರಿಸಿದರೆ ಕ್ಯಾಸಿನೊದವರಿಗೆ ಅನುಮಾನ ಬರುತ್ತದೆ. ಅದಕ್ಕೇ 1970ರ ದಶಕದಲ್ಲಿ ಅಮೆರಿಕದ ಆಲ್ ಫ್ರಾನ್ಸೆಸ್ಕೊ ತಂಡ ಕಟ್ಟಿದ. ಕೆಲವರು ಬೇರೆ ಬೇರೆ ಟೇಬಲ್‌ಗಳಲ್ಲಿ ಚಿಲ್ಲರೆ ಪಣ ಕಟ್ಟುತ್ತಾ ಎಣಿಸುತ್ತಿದ್ದರು. ಲೆಕ್ಕ ಏರಿದಾಗ ಒಂದು ಸನ್ನೆ, ಅಷ್ಟೇ. ಎಲ್ಲೋ ಅಡ್ಡಾಡುತ್ತಿದ್ದ ಸಾಹುಕಾರನಂಥ ಆಸಾಮಿ ಬಂದು ದೊಡ್ಡ ಪಣ ಇಡುತ್ತಿದ್ದ.

ಎಲ್ಲರ ಕಣ್ಣೂ ಆ ಸಾಹುಕಾರನ ಮೇಲೆ. ನನಗೆ ಮಾತ್ರ ಚಿಲ್ಲರೆ ಪಣದವರೇ ಇಷ್ಟ. ಗಂಟೆಗಟ್ಟಲೆ ಎಣಿಸಿ, ಪಕ್ಕದಲ್ಲೇ ನಮ್ಮವನು ಗೆಲ್ಲುತ್ತಿದ್ದರೂ ಪರಿಚಯವೇ ಇಲ್ಲದಂತೆ ಕೂರಬೇಕಲ್ವಾ? ನನ್ನ ಕೈಲಂತೂ ಆಗಲ್ಲಪ್ಪ, ನಗು ಬಂದುಬಿಡುತ್ತದೆ.